ಅಪ್‌ಡೇಟ್: ದುಬೈ ಎಸಿ ಟೆಕ್ನಿಷಿಯನ್ ಕೆಲಸ, ವಿಸಿಟ್ ವೀಸಾದಲ್ಲಿ ಹೋಗುವುದಿಲ್ಲ

ನಾನು ಕೇಳಿದ್ದು ಇಷ್ಟು: ತಿಂಗಳಿಗೆ 2,500 ದಿರ್ಹಮ್, ಏಜೆಂಟ್‌ಗೆ 1.2 ಲಕ್ಷ ರೂಪಾಯಿ, ‘ಮೊದಲು ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ’ ಎಂಬ ಭರವಸೆ. ನಂಬಬಹುದಾ?

ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. ನೀವು ಹೇಳಿದಂತೆ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ (ವಿದೇಶಿ ಕೆಲಸದ ಏಜೆಂಟ್‌ಗಳ ನೋಂದಣಿ ನೋಡುವ ಭಾರತ ಸರ್ಕಾರದ ವೆಬ್‌ಸೈಟ್) ಹುಡುಕಿದೆ, ಆ ಏಜೆಂಟ್ ನೋಂದಣಿಯೇ ಇಲ್ಲ. ನೋಂದಾಯಿತ ಏಜೆಂಟ್ ಕೂಡ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ತೆಗೆದುಕೊಳ್ಳುವಂತಿಲ್ಲ. ವೀಸಾ, ನೇಮಕಾತಿ ಖರ್ಚು ಯುಎಇ ಕಾನೂನಿನಂತೆ ಕಂಪನಿಯದ್ದೇ. ಹಾಗಿದ್ದರೆ ಆ 1.2 ಲಕ್ಷ ಯಾತಕ್ಕೆ ಅಂತ ಕೇಳಿದರೆ ಉತ್ತರವಿಲ್ಲ.

ನಿಜವಾದ ಕಿತಾಪತಿ ಇದ್ದದ್ದು ಆಫರ್ ಲೆಟರ್‌ನಲ್ಲಿ. ಮೂಲ ವೇತನ ಬರೀ 900, ಉಳಿದ 1,600 ‘ಭತ್ಯೆ’. ಓವರ್‌ಟೈಮ್, ಗ್ರ್ಯಾಚುಟಿ (ಕೆಲಸ ಬಿಡುವಾಗ ಸಿಗುವ ಮೊತ್ತ) ಎರಡೂ ಮೂಲ ವೇತನದ ಮೇಲೆಯೇ ಲೆಕ್ಕ. ಮೊದಲ ಐದು ವರ್ಷ ವರ್ಷಕ್ಕೆ 21 ದಿನದ ಗ್ರ್ಯಾಚುಟಿ ಅಂದರೆ 900ಕ್ಕೆ 630 ದಿರ್ಹಮ್. 2,500 ಪೂರ್ತಿ ಮೂಲ ವೇತನವಾಗಿದ್ದರೆ 1,750 ಆಗುತ್ತಿತ್ತು.

ವಿಸಿಟ್ ವೀಸಾದಲ್ಲಿ ದುಡಿಯುವುದೇ ಅಕ್ರಮ. ಸಂಬಳ ನಿಂತರೆ ತೋರಿಸಲು ವರ್ಕ್ ಪರ್ಮಿಟ್ ಇಲ್ಲ, ನೋಂದಾಯಿತ ಒಪ್ಪಂದವೂ ಇಲ್ಲ. ದೂರು ಕೊಡಲು ಹೋದರೆ ನಾವೇ ಸಿಕ್ಕಿಬೀಳುತ್ತೇವೆ. ಯುಎಇ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಕಳಿಸಿ, ಸಂಬಳ ಡಬ್ಲ್ಯುಪಿಎಸ್ (ಸರ್ಕಾರದ ನಿಗಾದಲ್ಲಿ ಸಂಬಳ ಪಾವತಿಸುವ ವ್ಯವಸ್ಥೆ) ಮೂಲಕ ಬರುತ್ತದಾ ಅಂತ ಬರವಣಿಗೆಯಲ್ಲಿ ಹೇಳಿ ಎಂದು ಏಜೆಂಟ್‌ಗೆ ಹೇಳಿದೆ. ‘ಬಂದ ಮೇಲೆ ನೋಡೋಣ’ ಎಂದರು.

ಕೈಬಿಟ್ಟೆ. ಮುಂಗಡ ಕೊಟ್ಟಿರಲಿಲ್ಲ, ಅಸಲಿ ಪಾಸ್‌ಪೋರ್ಟ್ ನನ್ನ ಬಳಿಯೇ ಇದೆ. ಈಗ ಎಂಪ್ಲಾಯ್‌ಮೆಂಟ್ ವೀಸಾ ಕೊಡುವ ಕಂಪನಿಗಳಿಗೆ ಮಾತ್ರ ಅರ್ಜಿ ಹಾಕುತ್ತಿದ್ದೇನೆ.