ನಸುಕಿಗೇ ಸಿಳ್ಳೆ ಹಾಕುವ ಹಕ್ಕಿ ಯಾವುದು? ಹಿತ್ತಲಿಗೆ ಕರೆಯುವುದು ಹೇಗೆ?

ಕೇಳಿದವರು, ಮೈಸೂರು: ಯುಗಾದಿ ಕಳೆದಾಗಿನಿಂದ ಒಂದು ಹಕ್ಕಿ ಬೆಳಕು ಹರಿಯುವ ಮುಂಚೆಯೇ ನಮ್ಮ ಟ್ಯಾಂಕಿನ ಪೈಪ್ ಮೇಲೆ ಕೂತು ಸಿಳ್ಳೆ ಹಾಕುತ್ತದೆ. ಕಪ್ಪು ಬಿಳುಪು, ಗೊರವಂಕಕ್ಕಿಂತ ಸಣ್ಣದು. ಅಕ್ಕಿ ಹಾಕಿದೆ, ತಿರುಗಿಯೂ ನೋಡಲಿಲ್ಲ. ಏನಿಟ್ಟರೆ ದಿನಾ ಬರುತ್ತದೆ?

ಮಂಡ್ಯದಿಂದ: ಮಡಿವಾಳ ಹಕ್ಕಿ ಇರಬೇಕು. ಬಾಲ ನೆಟ್ಟಗೆ ಎತ್ತಿಕೊಂಡು ಕೂರುತ್ತದಾ ನೋಡಿ. ಗಂಡಿಗೆ ತಲೆ, ಎದೆ, ಬೆನ್ನು ಮಿರಿಮಿರಿ ಕಪ್ಪು, ಹೊಟ್ಟೆ ಬಿಳಿ, ರೆಕ್ಕೆ ಮೇಲೊಂದು ಉದ್ದ ಬಿಳಿ ಪಟ್ಟಿ. ಹೆಣ್ಣಿಗೆ ಆ ಕಪ್ಪಿನ ಜಾಗದಲ್ಲೆಲ್ಲ ಬೂದು. ಹುಳ ತಿನ್ನುವ ಹಕ್ಕಿ ಅದು, ಅಕ್ಕಿ ಯಾಕೆ ಮುಟ್ಟುತ್ತದೆ ಹೇಳಿ!

ಚಿತ್ರದುರ್ಗದಿಂದ: ಹೊಟ್ಟೆಯೂ ಕಪ್ಪಗಿದ್ದು ಬಾಲದ ಬುಡದಡಿ ಇಟ್ಟಿಗೆ ಬಣ್ಣ ಕಂಡರೆ ಅದು ಇಂಡಿಯನ್ ರಾಬಿನ್. ಅದೂ ಬಾಲ ಎತ್ತುತ್ತದೆ. ಎರಡು ವರ್ಷ ನಾನು ಅದನ್ನೇ ಮಡಿವಾಳ ಅಂದುಕೊಂಡಿದ್ದೆ.

ಶಿರಸಿಯಿಂದ: ಏನೂ ಇಡಬೇಡಿ, ಗುಡಿಸುವುದನ್ನು ಬಿಡಿ. ನಮ್ಮ ಹಲಸಿನ ಮರದಡಿ ದರಕು, ಅಂದರೆ ಒಣಗಿ ಬಿದ್ದ ಎಲೆ, ಹಾಗೇ ಇರುತ್ತದೆ. ಹಕ್ಕಿ ಕೆಳಗಿನ ಕೊಂಬೆಯಲ್ಲಿ ಸುಮ್ನೆ ಕೂತಿರುತ್ತದೆ. ದರಕಿನೊಳಗೆ ಏನೋ ಅಲುಗಿದ್ದೇ ತಡ, ಟಪ್ ಅಂತ ಇಳಿದು ಮಿಡತೆ ಕಚ್ಚಿಕೊಂಡು ಮತ್ತೆ ಅದೇ ಕೊಂಬೆಗೆ. ಗಿಡಕ್ಕೆ ಔಷಧಿ ಹೊಡೆದರೆ ಈ ಊಟ ಹೋಯಿತು. ಮಣ್ಣಿನ ತಟ್ಟೆಯಲ್ಲಿ ಎರಡು ಬೆರಳು ನೀರಿಡಿ, ಸ್ನಾನಕ್ಕೂ ಬರುತ್ತದೆ. ಬೆಕ್ಕು ಅಡಗುವಂಥ ಪೊದೆಯ ಪಕ್ಕ ಮಾತ್ರ ಬೇಡ.

ಬೆಂಗಳೂರಿನಿಂದ: ಪೊಟರೆಯಲ್ಲಿ ಗೂಡು ಕಟ್ಟುವ ಹಕ್ಕಿ ಅಂತ ಓದಿ ಹಲಗೆ ಪೆಟ್ಟಿಗೆ ಮಾಡಿ ತೂಗುಹಾಕಿದೆ. ಅದು ಪೆಟ್ಟಿಗೆಯ ಕಡೆ ಸುಳಿಯಲೇ ಇಲ್ಲ. ಗೀಸರ್ ಪೈಪಿಗೆ ಕೊರೆಸಿದ್ದ ಗೋಡೆ ತೂತಿನಲ್ಲಿ ಹುಲ್ಲು ತುಂಬಿ ನಾಲ್ಕು ಮೊಟ್ಟೆ ಇಟ್ಟಿತು. ಎರಡು ವಾರದೊಳಗೆ ಮರಿ. ಅಷ್ಟು ದಿನವೂ ಗಂಡು ನನ್ನ ಸ್ಕೂಟರ್ ಕನ್ನಡಿಯಲ್ಲಿ ತನ್ನನ್ನೇ ನೋಡಿ ಜಗಳ ಆಡುತ್ತಿತ್ತು. ಕೊನೆಗೆ ಕನ್ನಡಿಗೆ ಹಳೇ ಸಾಕ್ಸ್ ಹಾಕಿದೆ. ಇನ್ನೊಂದು, ಮೊಬೈಲಲ್ಲಿ ಅದರ ಹಾಡು ಹಾಕಿ ಕರೆಯಬೇಡಿ. ಬೇರೆ ಗಂಡು ಬಂತು ಅಂತ ಮರಿಗೆ ಗುಟುಕು ಕೊಡುವುದನ್ನೂ ಬಿಟ್ಟು ಹುಡುಕುತ್ತದೆ. ನಾನು ಒಂದು ಸಲ ಮಾಡಿ ಬೈಸಿಕೊಂಡಿದ್ದೇನೆ.

ಕೇಳಿದವರು: ಇವತ್ತು ನೋಡಿದೆ. ಬಿಳಿ ಹೊಟ್ಟೆ, ರೆಕ್ಕೆಯಲ್ಲಿ ಪಟ್ಟಿ, ಮಡಿವಾಳವೇ. ಮಾವಿನ ಮರದ ಕೆಳಗಿನ ತರಗೆಲೆ ಗುಡಿಸಬೇಡಿ ಅಂತ ಅಮ್ಮನಿಗೆ ಹೇಳಿದ್ದೇನೆ. ಭಾನುವಾರದವರೆಗೆ ಮಾತ್ರ ಅಂದಿದ್ದಾರೆ.