ಅಪ್‌ಡೇಟ್: ಅಪ್ಪಾಜಿಯ ಉಸಿರಿನ ವ್ಯಾಯಾಮ, ಐದು ವಾರ ಆಯ್ತು

ಪಾರ್ಕಿನ್ಸನ್ (ಮೈ ಬಿಗಿದು ಕೈ ನಡುಗೋ ಮೆದುಳಿನ ಕಾಯಿಲೆ) ಇರೋ ನಮ್ಮ ಅಪ್ಪಾಜಿಗೆ ದನಿ ಕುಗ್ಗಿದೆ, ನೀರು ಕುಡಿದ್ರೆ ನೆತ್ತಿಗೆ ಹತ್ತುತ್ತೆ, ಉಸಿರಿನ ವ್ಯಾಯಾಮದಿಂದ ಉಪಯೋಗ ಆಗುತ್ತಾ ಅಂತ ಕೇಳಿದ್ದೆ. ಅಪ್ಪಾಜಿಗಂತೂ ಆಗಿದೆ.

ಹಾಸನದಲ್ಲಿ ಫಿಸಿಯೋಥೆರಪಿ ಮೇಡಂ ಬಿಪಿ ನೋಡಿ, ಒಳಗೆ ಸ್ಪ್ರಿಂಗ್ ಇರೋ ಪುಟ್ಟ ಕೊಳವೆ ಕೊಡಿಸಿದ್ರು. ಜೋರಾಗಿ ಊದಿದ್ರೆ ಮಾತ್ರ ಗಾಳಿ ಆಚೆ ಹೋಗುತ್ತೆ. 5 ಸಲ ಊದಿ ಸುಧಾರಿಸಿಕೊಳ್ಳೋದು, ಹೀಗೆ 5 ಸುತ್ತು, ವಾರಕ್ಕೆ 5 ದಿನ. ಉಸಿರು ಹೊರಹಾಕೋ ಸ್ನಾಯು ಸೋತ್ರೆ ಕೆಮ್ಮಿಗೂ ಬಲ ಇರಲ್ಲ. ಅನ್ನ, ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಇದನ್ನ ನಮಗೆ ಯಾರಾದ್ರೂ ಮೊದಲೇ ಹೇಳಬೇಕಿತ್ತು.

ಮೊದಲ ವಾರ ಬೆಳಗ್ಗೆ ಪಾರ್ಕಿನ್ಸನ್ ಮಾತ್ರೆಗೆ ಮುಂಚೆ ಮಾಡಿಸಿ ತಪ್ಪು ಮಾಡಿದೆ. ಮೈ ಬಿಗಿದಿರ್ತಿತ್ತು, ತುಟಿ ಸಂದಿಯಿಂದ ಗಾಳಿ ಸೋರೋದು. ಈಗ ಮಾತ್ರೆ ಕೆಲಸ ಶುರು ಮಾಡಿದ ಮೇಲೆ, ನೆಟ್ಟಗೆ ಕೂರಿಸಿ ಮಾಡಿಸ್ತೀವಿ. ಅಮ್ಮ ಎರಡೂ ಕೆನ್ನೆ ಮೆಲ್ಲಗೆ ಒತ್ತಿ ಹಿಡೀತಾರೆ.

ನೀರು ಇನ್ನೂ ಒಮ್ಮೊಮ್ಮೆ ನೆತ್ತಿಗೆ ಹತ್ತುತ್ತೆ, ಗುಟುಕು ಗುಟುಕಾಗೇ ಕೊಡಬೇಕು. ಆದ್ರೆ ಕೆಮ್ಮಿಗೆ ಬಲ ಬಂದಿದೆ. ನಿನ್ನೆ ಹಿತ್ತಲಲ್ಲಿದ್ದೆ, ಅಪ್ಪಾಜಿ ಜಗಲಿಯಿಂದ “ಮೋಟ್ರು ಆಫ್ ಮಾಡೋ, ಟ್ಯಾಂಕ್ ತುಂಬ್ತು” ಅಂದ್ರು. ಅಲ್ಲಿವರೆಗೂ ಕೇಳಿಸ್ತು.