ಲೇಥ್ ಬಿಟ್ಟು ನೇರ ಸಿಎನ್‌ಸಿಗೆ ಹೋಗಬಹುದಾ? ಕಲಿತವರು ಹೇಳಿ

ಪ್ರಶ್ನೆ: ನನಗೆ 34 ವರ್ಷ. ಇಷ್ಟು ದಿನ ಕಂಪ್ಯೂಟರ್ ಮುಂದೆ ಕೂತು ಲೆಕ್ಕ ಬರೆದವನು. ಈಗ ಕಮ್ಯುನಿಟಿ ಕಾಲೇಜಿನಲ್ಲಿ ಪ್ರಿಸಿಷನ್ ಮೆಷಿನಿಂಗ್ ಸಂಜೆ ಕೋರ್ಸಿಗೆ ಸೇರುವ ಯೋಚನೆ ಇದೆ. ಮೊದಲ ಸೆಮಿಸ್ಟರ್ ಪೂರ್ತಿ ಕೈಯಲ್ಲಿ ನಡೆಸುವ ಲೇಥ್ (ಲೋಹವನ್ನು ತಿರುಗಿಸಿ ಕೆತ್ತುವ ಮಷಿನ್), ಮಿಲ್ಲಿಂಗ್ ಮಷಿನ್ (ಇಲ್ಲಿ ತಿರುಗುವುದು ಕಟ್ಟರ್) ಅಂತೆ. ಅದನ್ನು ಬಿಟ್ಟು ನೇರ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಂನಿಂದ ನಡೆಯುವ ಮಷಿನ್) ತೆಗೆದುಕೊಂಡರೆ ಆಗಲ್ವಾ? ಗಣಿತ ಎಷ್ಟು ಬೇಕು?

ಉತ್ತರ 1: ಬಿಡಬೇಡಿ. ನಾನೂ ಹೀಗೇ ಮೂಗು ಮುರಿದವನು. ಎರಡನೇ ತಿಂಗಳಲ್ಲಿ 50 ಮಿ.ಮೀ. ವ್ಯಾಸದ ಉಕ್ಕಿನ ಜಾಬ್ (ಕೆತ್ತುವ ತುಂಡು) ಒಂದನ್ನು ಟರ್ನಿಂಗ್ ಮಾಡಿದೆ, ಅಂದರೆ ಲೇಥ್‌ನಲ್ಲಿ ತಿರುಗಿಸಿ ಕೆತ್ತಿದೆ. ಟಾಲರೆನ್ಸ್, ಅಂದರೆ ಅಳತೆಯಲ್ಲಿ ಒಪ್ಪುವ ವ್ಯತ್ಯಾಸ, ಆಚೀಚೆ 0.01 ಮಿ.ಮೀ. ಲೇಥ್ ನಿಲ್ಲಿಸಿದ ತಕ್ಷಣ ಮೈಕ್ರೋಮೀಟರ್ ಹಿಡಿದೆ, ಸರಿಯಾಗಿ 50.00. ಎದೆ ಉಬ್ಬಿಸಿಕೊಂಡು ಮನೆಗೆ ಹೋದೆ. ಮರುದಿನ ಮೇಷ್ಟ್ರು ಅಳೆದರೆ 49.98! ರಿಜೆಕ್ಟ್. ನಾನು ಅಳೆದಾಗ ಜಾಬ್ ಕೈಗೆ ಚುರುಕ್ ಅನ್ನುವಷ್ಟು ಕಾದಿತ್ತು. ಉಕ್ಕು 10 ಡಿಗ್ರಿ ಬಿಸಿಯಾದರೆ 100 ಮಿ.ಮೀ.ಗೆ ಸುಮಾರು 0.011 ಮಿ.ಮೀ. ಹಿಗ್ಗುತ್ತದೆ. ನನ್ನದು 40 ಡಿಗ್ರಿಯಾದರೂ ಏರಿರಬೇಕು, ಲೆಕ್ಕ ಹಾಕಿ ನೋಡಿ. ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತ ಎಲ್ಲರೂ ಒಪ್ಪಿಕೊಂಡಿರುವುದು ಸುಮ್ನೆ ಅಲ್ಲ. ಇದನ್ನೆಲ್ಲ ಹಿಂದಿನ ವಾರವಷ್ಟೇ ಪರೀಕ್ಷೆಯಲ್ಲಿ ಬರೆದು ಪೂರ್ತಿ ಅಂಕ ತೆಗೆದಿದ್ದೆ, ಅದು ಬೇರೆ ಮಾತು.

ಇನ್ನೊಂದು. ಕೆತ್ತುವ ಟೂಲ್ ಮೊಂಡಾದರೆ ಹ್ಯಾಂಡಲ್ ಹಿಡಿದ ಕೈಗೇ ಗೊತ್ತಾಗುತ್ತದೆ. ಫೇಸಿಂಗ್ (ಜಾಬ್‌ನ ತುದಿ ಸಮತಟ್ಟು ಮಾಡುವುದು) ಮಾಡಿದ ಮೇಲೆ ನಡುವೆ ಸಣ್ಣ ಮೊಳೆಯಂತೆ ಉಳಿದರೆ ಟೂಲ್ ಸೆಂಟರ್ ಎತ್ತರದಲ್ಲಿ, ಅಂದರೆ ಜಾಬ್ ತಿರುಗುವ ನಡುಗೆರೆಯ ಮಟ್ಟದಲ್ಲಿ, ಇಲ್ಲ ಅಂತ. ಸಿಎನ್‌ಸಿಯಲ್ಲೂ ಅದೇ ಮೊಳೆ ಉಳಿಯುತ್ತದೆ. ಆದರೆ ಅಲ್ಲಿ ಬಾಗಿಲು ಮುಚ್ಚಿರುತ್ತದೆ, ತಂಪು ಮಾಡುವ ಕೂಲಂಟ್ ಸುರಿಯುತ್ತಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ.

ಉತ್ತರ 2: ಗಣಿತಕ್ಕೆ ಹೆದರಬೇಡಿ. ಹೈಸ್ಕೂಲಿನ ಸೈನ್, ಕಾಸ್, ಟ್ಯಾನ್ ಸಾಕು. ದಿನಾ ಬೇಕಾಗುವುದು ಸ್ಪೀಡ್ ಲೆಕ್ಕ. ಮೈಲ್ಡ್ ಸ್ಟೀಲಿಗೆ ಹೈಸ್ಪೀಡ್ ಸ್ಟೀಲ್ ಟೂಲ್ ಹಾಕಿ ಕತ್ತರಿಸುವ ವೇಗ ನಿಮಿಷಕ್ಕೆ 30 ಮೀಟರ್ ಇಟ್ಟುಕೊಂಡರೆ, 25 ಮಿ.ಮೀ. ಜಾಬ್‌ಗೆ ಸುಮಾರು 380 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಬರುತ್ತದೆ. ಲೆಕ್ಕ ಬರೆದವರಿಗೆ ಇದೇನು ಮಹಾ! ನನಗೆ ಬೆವರಿಳಿಸಿದ್ದು ಡ್ರಾಯಿಂಗ್. ಮೂರು ಕಡೆಯ ನೋಟ ನೋಡಿ ಇಡೀ ವಸ್ತುವನ್ನು ತಲೆಯಲ್ಲಿ ತಿರುಗಿಸಬೇಕಲ್ಲ, ಅದು ಕೂರಲು ಮೂರು ತಿಂಗಳು ಹಿಡಿಯಿತು. ಸೋಪಿನ ಬಿಲ್ಲೆಯಲ್ಲಿ ಕೆತ್ತಿ ನೋಡುತ್ತಿದ್ದೆ. ನಗಬೇಡಿ, ಉಪಯೋಗವಾಯಿತು.

ಉತ್ತರ 3: ಚಕ್ (ಜಾಬ್ ಹಿಡಿದು ತಿರುಗುವ ಭಾಗ) ಬಿಗಿಮಾಡುವ ಕೀಯನ್ನು ಅದರಲ್ಲೇ ಬಿಟ್ಟು ಕೈ ತೆಗೆಯಬೇಡಿ, ಅರೆಕ್ಷಣಕ್ಕೂ. ತಿರುಗುವ ಮಷಿನ್ ಹತ್ತಿರ ಗ್ಲೌಸ್, ಉಂಗುರ, ಉದ್ದ ತೋಳು ಬೇಡ. ಲೋಹದ ಸುರುಳಿಯನ್ನು ಕೈಯಿಂದ ಎಳೆಯಬೇಡಿ, ಬ್ಲೇಡಿನ ಹಾಗೆ ಕೊಯ್ಯುತ್ತದೆ.

ಉತ್ತರ 4: ಮೊದಲನೆಯವರ ಮಾತಿಗೆ ಪೂರ್ತಿ ತಲೆದೂಗಲಾರೆ. ಕೈ ಮಷಿನ್ ಒಂದು ಸೆಮಿಸ್ಟರ್ ಸಾಕು. ಆಮೇಲೂ ಅಲ್ಲೇ ಕೂತರೆ ಪ್ರೋಗ್ರಾಮಿಂಗ್‌ಗೆ ಸಮಯ ಸಿಗುವುದಿಲ್ಲ. ಸಿಎನ್‌ಸಿಯಲ್ಲಿ ತಪ್ಪುಗಳೇ ಬೇರೆ ಜಾತಿಯವು. ಕೆಲವು ಕಂಟ್ರೋಲ್‌ಗಳಲ್ಲಿ (ಮಷಿನ್ ನಡೆಸುವ ಕಂಪ್ಯೂಟರ್) 10 ಅಂತ ಬರೆದು ದಶಮಾಂಶ ಚುಕ್ಕಿ ಮರೆತರೆ ಅದು 10 ಮಿ.ಮೀ. ಅಲ್ಲ, 10 ಮೈಕ್ರಾನ್, ಅಂದರೆ 0.01 ಮಿ.ಮೀ. ಆಫ್‌ಸೆಟ್‌ನಲ್ಲಿ (ಟೂಲ್, ಜಾಬ್ ಎಲ್ಲಿವೆ ಅಂತ ಮಷಿನ್‌ಗೆ ಹೇಳುವ ಅಂಕಿ) ಒಂದು ಅಂಕಿ ತಪ್ಪಿ ನಾನು ಟೂಲನ್ನು ನೇರ ಜಾಬ್ ಹಿಡಿಯುವ ವೈಸಿಗೆ ಗುದ್ದಿಸಿದ್ದೇನೆ. ಹೊಸ ಪ್ರೋಗ್ರಾಂ ಅಂದರೆ ಈಗಲೂ ಮೊದಲು ಗಾಳಿಯಲ್ಲೇ ಓಡಿಸುತ್ತೇನೆ, ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು) ಹಾಕಿ, ಕೈ ಫೀಡ್ ಹೋಲ್ಡ್ (ಟೂಲ್ ಚಲನೆ ನಿಲ್ಲಿಸುವ ಗುಂಡಿ) ಮೇಲೆ.

ಅಂದಹಾಗೆ ಟೂಲ್ ಪೆಟ್ಟಿಗೆ ಈಗಲೇ ತುಂಬಿಸಬೇಡಿ. 150 ಮಿ.ಮೀ. ಸ್ಟೀಲ್ ಸ್ಕೇಲು, 0–25 ಮೈಕ್ರೋಮೀಟರ್, ಕನ್ನಡಕ ಇದ್ದರೆ ಶುರು ಮಾಡಬಹುದು. ಉಳಿದದ್ದು ಕಾಲೇಜಿನಲ್ಲೇ ಇರುತ್ತದೆ.